ನಿಮಗಿದು ಗೊತ್ತೇ? ಕೇರಿಯ ಕವಿ ವಿಧಾನ ಪರಿಷತ್ತಿಗೆ ಹೋದದ್ದು

‘ಬಂಗಾರದ ಮನುಷ್ಯ’ ನಿರ್ದೇಶಿಸಿದ ಸಿದ್ಧಲಿಂಗಯ್ಯ ಬೇರೆ, ಕವಿ ಸಿದ್ಧಲಿಂಗಯ್ಯ ಬೇರೆ. ಗೊಂದಲಕ್ಕೆ ಕಾರಣವೂ ಇದೆ: ಕವಿಯೂ ಸಿನಿಮಾಕ್ಕೆ ಬರೆದವರೇ. 1993ರ ‘ಬಾ ನಲ್ಲೆ ಮಧುಚಂದ್ರಕೆ’ ಚಿತ್ರದ ಬೆಳದಿಂಗಳ ಹಾಡು ಅವರದ್ದು. ನಮ್ಮ ಕಲಬುರಗಿ ಜಿಲ್ಲೆಯ ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಸಾಲುಗಟ್ಟುವ ಟ್ರ್ಯಾಕ್ಟರುಗಳಲ್ಲಿ ಅದನ್ನು ಕೇಳಿದವರಿಗೆ, ಬರೆದವರು ದಲಿತ ಹೋರಾಟದ ಕವಿ ಎಂಬುದು ಹೊಳೆದಿರಲಿಕ್ಕಿಲ್ಲ.

ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ.

ಆತ್ಮಕಥೆ ‘ಊರುಕೇರಿ’ಯ ಶುರುವಿನಲ್ಲೇ ಒಂದು ನೋಟ: ಎತ್ತುಗಳಿರಬೇಕಾದ ಕಡೆ ಇಬ್ಬರು ಮನುಷ್ಯರು, ಹೆಗಲ ಮೇಲೆ ನೊಗ, ಹಿಂದೆ ನೇಗಿಲು ಹಿಡಿದವನೊಬ್ಬ. ನೊಗ ಹೊತ್ತ ಇಬ್ಬರಲ್ಲಿ ಒಬ್ಬರು ಲೇಖಕರ ಅಪ್ಪ. ಇಂಥ ಪುಸ್ತಕವನ್ನು ಜನ ನಗುನಗುತ್ತ ಓದುತ್ತಾರೆ ಎಂದರೆ ನಂಬುತ್ತೀರಾ? ಓದುತ್ತಾರೆ. ಬಡತನದ ಬಗ್ಗೆ ಗೋಳಾಡುವ ಗೋಜಿಗೇ ಅದು ಹೋಗುವುದಿಲ್ಲ. ಬೆಂಗಳೂರಿನ ಶ್ರೀರಾಂಪುರದ ಕೊಳೆಗೇರಿ, ಹಾಸ್ಟೆಲ್ಲಿನ ಹಸಿವು, ಸ್ಮಶಾನದಲ್ಲಿ ಕೂತು ಓದಿದ್ದು, ಎಲ್ಲಕ್ಕೂ ಅದೇ ತುಂಟ ದನಿ.

1975ರ ‘ಹೊಲೆಮಾದಿಗರ ಹಾಡು’ ಪುಸ್ತಕದಂಗಡಿಗಿಂತ ಬೀದಿಯಲ್ಲೇ ಹೆಚ್ಚು ಓಡಾಡಿತು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಅವರ ಪದ್ಯಗಳಿಗೆ ತಮಟೆ ಜೊತೆಯಾಯಿತು. ಅಕ್ಷರ ಬಾರದವರಿಗೂ ಅವು ಬಾಯಿಪಾಠ. ಸಮಿತಿ ಕಟ್ಟಿದ ಬಿ. ಕೃಷ್ಣಪ್ಪ, ದೇವನೂರ ಮಹಾದೇವರ ಜೊತೆ ಇವರೂ ಇದ್ದರು.

ಪಿಎಚ್‌.ಡಿ.ಗೆ ಆರಿಸಿಕೊಂಡ ವಿಷಯ: ಗ್ರಾಮದೇವತೆಗಳು!

1988ರಲ್ಲಿ, 34ರ ಹರೆಯದಲ್ಲೇ ವಿಧಾನ ಪರಿಷತ್ ಸದಸ್ಯ. ಆಮೇಲೆ ಇನ್ನೊಂದು ಅವಧಿ. ಅಲ್ಲಿನ ಮಾತುಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಎಂಬ ಪುಸ್ತಕವಾಗಿವೆ. ಶಾಸಕರ ಭಾಷಣವನ್ನು ದುಡ್ಡು ಕೊಟ್ಟು ಓದುವವರ್ಯಾರು ಎಂದು ಮೂಗು ಮುರಿಯಬೇಡಿ. ಅಧಿಕಾರದ ಹತ್ತಿರ ಹೋದರೆಂದು ಹಳೆಯ ಸಂಗಾತಿಗಳು ಮುನಿದದ್ದೂ ಉಂಟು. ಪದ್ಯದ ಕಾವು ಇಳಿದದ್ದು ನಿಜ. ಗದ್ಯದ ಚುರುಕು ಇಳಿಯಲಿಲ್ಲ ಎಂಬುದು ನನ್ನ ಲೆಕ್ಕ.

2015ರಲ್ಲಿ ಶ್ರವಣಬೆಳಗೊಳದ 81ನೇ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. 2021ರ ಜೂನ್ 11ರಂದು ಕೋವಿಡ್ ಅವರನ್ನು ಕೊಂಡೊಯ್ದಿತು. ಪದ್ಮಶ್ರೀ ಬಂದದ್ದು ಮರುವರ್ಷ, ಮರಣೋತ್ತರವಾಗಿ.

ರಾಜಕಾರಣವೊಂದನ್ನು ಬಿಟ್ಟರೆ ನಮ್ಮ ಕಲಬುರಗಿಯಲ್ಲೂ ಇಂಥವರೊಬ್ಬರಿದ್ದರು: ಸಾವಳಗಿಯ ಗೀತಾ ನಾಗಭೂಷಣ. ಅಪ್ಪ ಎಂ.ಎಸ್‌.ಕೆ. ಮಿಲ್ಲಿನ ಕಾರ್ಮಿಕ. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಕನ್ನಡದಲ್ಲಿ ಅದನ್ನು ಪಡೆದ ಮೊದಲ ಹೆಣ್ಣುಮಗಳು ಅವರೇ. ಕನ್ನಡಕ್ಕೆ ಆ ಪ್ರಶಸ್ತಿ ಬರಲು ಶುರುವಾದದ್ದು ಯಾವಾಗ ಅಂತೀರಿ? 1955ರಲ್ಲಿ.