ಮಗುವಿಗೆ ಪಿಟೀಲು, ಅಮ್ಮನಿಗೆ ಮೊದಲ ಪಾಠ

ನಾಲ್ಕು ವರ್ಷದ ಮಗುವನ್ನು ಪಿಟೀಲು ಕಲಿಯಲು ಸೇರಿಸಿದರೆ ಮೊದಲ ಪಾಠ ಯಾರಿಗೆ? ಜಪಾನಿನ ಶಿನಿಚಿ ಸುಜುಕಿ ರೂಪಿಸಿದ ಪದ್ಧತಿಯಲ್ಲಿ ಅದು ಅಮ್ಮನಿಗೆ, ಇಲ್ಲವೇ ಅಪ್ಪನಿಗೆ. ದೊಡ್ಡವರು ಕಮಾನು ಹಿಡಿದು ಒಂದು ಹಾಡನ್ನಾದರೂ ನುಡಿಸಲು ಕಲಿಯುವವರೆಗೆ ಮಗುವಿಗೆ ಪಾಠವಿಲ್ಲ. ಅದು ಕುಳಿತು ನೋಡುತ್ತದೆ, ಬೇರೆ ಮಕ್ಕಳು ನುಡಿಸುವುದನ್ನು ಕೇಳುತ್ತದೆ, ಕೊನೆಗೊಂದು ದಿನ ನನಗೂ ಬೇಕೆಂದು ಹಟ ಹಿಡಿಯುತ್ತದೆ. ಆ ಹಟ ಹುಟ್ಟಲೆಂದೇ ಇಷ್ಟೆಲ್ಲ ಕಾಯುವುದು.

ಸುಜುಕಿ ಎಂದೊಡನೆ ನಮಗೆ ಕಾರು ನೆನಪಾಗುತ್ತದೆ. ಆ ಕಂಪನಿಗೂ ಇವರಿಗೂ ನಂಟಿಲ್ಲ. ಇವರದು ನಗೋಯಾ ಊರಿನ ಪಿಟೀಲು ಕಾರ್ಖಾನೆಯ ಮನೆತನ. 1898ರಲ್ಲಿ ಹುಟ್ಟಿದ ಶಿನಿಚಿಗೆ ಚಿಕ್ಕಂದಿನಲ್ಲಿ ಪಿಟೀಲು ಒಂದು ಆಟದ ಸಾಮಾನು ಅಷ್ಟೇ. ಹದಿಹರೆಯದಲ್ಲಿ ಮಿಶಾ ಎಲ್ಮನ್ ನುಡಿಸಿದ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ ಬೆರಗಾದರು. ಕಾರ್ಖಾನೆಯಿಂದ ವಾದ್ಯವೊಂದನ್ನು ಮನೆಗೆ ತಂದು, ತಟ್ಟೆಯನ್ನೇ ಗುರುವಾಗಿಸಿಕೊಂಡು ಕಲಿಯಲು ಕುಳಿತರು. ಮುಂದೆ ಬರ್ಲಿನ್‌ಗೆ ಹೋಗಿ ಕಾರ್ಲ್ ಕ್ಲಿಂಗ್ಲರ್ ಬಳಿ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅಲ್ಲಿ ಅವರನ್ನು ಕಾಡಿದ್ದು ಜರ್ಮನ್ ಭಾಷೆ. ತಮಗೆ ಇಷ್ಟು ಕಷ್ಟವಾದ ಮಾತನ್ನು ಅಲ್ಲಿನ ಪುಟಾಣಿಗಳು ಸಲೀಸಾಗಿ ಆಡುತ್ತಿದ್ದರು.

ಊರಿಗೆ ಮರಳಿದ ಮೇಲೆ, 1930ರ ದಶಕದ ಆರಂಭದಲ್ಲಿ, ಒಬ್ಬ ತಂದೆ ತನ್ನ ನಾಲ್ಕು ವರ್ಷದ ಮಗನನ್ನು ಅವರ ಬಳಿಗೆ ಕರೆತಂದ. ಅಷ್ಟು ಎಳೆಯ ಮಗುವಿಗೆ ಕಲಿಸುವುದು ಹೇಗೆ? ಯೋಚಿಸುತ್ತಿದ್ದ ಸುಜುಕಿಗೆ ಹೊಳೆದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ: ಜಪಾನಿನ ಮಕ್ಕಳೆಲ್ಲ ಜಪಾನಿ ಮಾತಾಡುತ್ತಾರೆ. ಯಾವ ಅಮ್ಮನೂ ಮಗುವಿಗೆ ಮೊದಲು ಅಕ್ಷರ ತಿದ್ದಿಸಿ ಆಮೇಲೆ ಮಾತು ಕಲಿಸುವುದಿಲ್ಲ. ಸಂಗೀತವೂ ಹಾಗೇ ಬರಲಿ ಎಂದರು: ಮೊದಲು ಕಿವಿ, ಆಮೇಲೆ ಕೈ, ಓದುವುದು ಕೊನೆಗೆ. ಆ ಹುಡುಗ ತೊಶಿಯಾ ಎಟೊ ಬೆಳೆದು ಜಪಾನಿನ ಹೆಸರಾಂತ ಪಿಟೀಲು ವಾದಕರಾದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಮತ್ಸುಮೊಟೊ ಪಟ್ಟಣದಲ್ಲಿ ಸುಜುಕಿಯವರ ಶಾಲೆ ಆರಂಭವಾಯಿತು. 1955ರಲ್ಲಿ ಟೋಕಿಯೊದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಒಟ್ಟಿಗೆ ನುಡಿಸಿದರು. 1958ರಲ್ಲಿ ಮಕ್ಕಳ ಇಂಥದೊಂದು ಸಾಮೂಹಿಕ ವಾದನದ ಚಿತ್ರವನ್ನು ಅಮೆರಿಕದ ಒಬರ್ಲಿನ್‌ನಲ್ಲಿ ತೋರಿಸಿದಾಗ ಅಲ್ಲಿನ ಶಿಕ್ಷಕರು ದಂಗಾದರು. 1964ರಲ್ಲಿ ಮಕ್ಕಳ ತಂಡವೇ ಅಮೆರಿಕಕ್ಕೆ ಹೋಗಿಬಂತು.

ಈಗ ತರಗತಿಯ ಒಳಗೆ ಬನ್ನಿ. ಎಷ್ಟೋ ಕಡೆ ಮಗುವಿನ ಮೊದಲ ಪಿಟೀಲು ರಟ್ಟಿನ ಡಬ್ಬಕ್ಕೆ ಅಳತೆಪಟ್ಟಿ ಅಂಟಿಸಿದ್ದು. ಬಿದ್ದರೆ ಒಡೆಯುವ ಭಯವಿಲ್ಲ. ನೆಲಕ್ಕೆ ಹಾಸಿದ ಕಾಗದದಲ್ಲಿ ಪುಟ್ಟ ಪಾದಗಳ ಗುರುತು ಬರೆದಿರುತ್ತದೆ. ಅದರ ಮೇಲೆ ನಿಲ್ಲಬೇಕು, ಬಾಗಿ ವಂದಿಸಬೇಕು, ಡಬ್ಬವನ್ನು ಗಲ್ಲದಡಿ ಇರಿಸಿಕೊಳ್ಳಬೇಕು. ಕಮಾನಿನ ಹಿಡಿತಕ್ಕೆ ಪೆನ್ಸಿಲ್ ಸಾಕು. ನಿಜವಾದ ವಾದ್ಯ ಬಂದಾಗ ಅದು ಮಗುವಿನ ತೋಳಿನ ಅಳತೆಯದು. 1/16, 1/10, 1/8, 1/4, 1/2, 3/4 ಎಂದು ಗಾತ್ರಗಳಿವೆ. ಅರ್ಧ ಪಿಟೀಲು ಎಂದರೆ ಉದ್ದದಲ್ಲಿ ಅರ್ಧವಲ್ಲ, ದೊಡ್ಡದಕ್ಕಿಂತ ಕೆಲವೇ ಅಂಗುಲ ಚಿಕ್ಕದು. ಎಡತೋಳು ಚಾಚಿದಾಗ ಅಂಗೈ ವಾದ್ಯದ ತುದಿಯ ಸುರುಳಿಯನ್ನು ಆರಾಮಾಗಿ ಹಿಡಿಯುವಂತಿರಬೇಕು. ಮುಂದೆಯೂ ಆಗುತ್ತದೆಂದು ಅಂಗಿ ಕೊಂಡ ಹಾಗೆ ಒಂದು ಅಳತೆ ದೊಡ್ಡದನ್ನು ಕೊಂಡರೆ ಮಗುವಿನ ಭುಜ ನೋಯುತ್ತದೆ, ಸ್ವರ ತಪ್ಪುತ್ತದೆ, ದೂರು ಮಾತ್ರ ಮಗುವಿನ ಮೇಲೆ.

ಮೊದಲ ಹಾಡು 'ಟ್ವಿಂಕಲ್ ಟ್ವಿಂಕಲ್', ಅದೂ ಬೇರೆ ಬೇರೆ ಲಯಗಳಲ್ಲಿ. ತಿಂಗಳುಗಟ್ಟಲೆ ಅದೇ. ಹೊಸದು ಬಂದರೂ ಹಳೆಯದನ್ನು ಬಿಡುವಂತಿಲ್ಲ. ವಾರಕ್ಕೊಮ್ಮೆ ಒಂಟಿಯಾಗಿ ಪಾಠ, ಜೊತೆಗೆ ಗುಂಪಿನ ಪಾಠ. ಮನೆಯಲ್ಲಿ ದಿನವೂ ಧ್ವನಿಮುದ್ರಿಕೆ ಕೇಳಬೇಕು. ಊಟ ಮಾಡಿದ ದಿನ ಮಾತ್ರ ಅಭ್ಯಾಸ ಮಾಡಿದರೆ ಸಾಕು ಎಂದು ಸುಜುಕಿ ತಮಾಷೆ ಮಾಡುತ್ತಿದ್ದರು.

ನಮ್ಮ ಸಂಗೀತದ ಮನೆಗಳಿಗೆ ಇದರಲ್ಲಿ ಅರ್ಧ ಭಾಗ ಹೊಸದಲ್ಲ. ಸರಳೆ ವರಸೆಯನ್ನು ಬಾಯಲ್ಲಿ ಹಾಡಿದ ಮೇಲೆಯೇ ತಂತಿಯ ಮೇಲೆ ಬೆರಳಿಡಿಸುವ ಗುರುಗಳು ನಮ್ಮಲ್ಲಿದ್ದಾರೆ. ಇಲ್ಲಿ ಮಗು ನಿಲ್ಲದೆ ನೆಲದ ಮೇಲೆ ಕೂರುತ್ತದೆ. ಪಿಟೀಲು ಎದೆಗೂ ಬಲಪಾದಕ್ಕೂ ನಡುವೆ ಊರಿಕೊಳ್ಳುವುದರಿಂದ ಎಳೆಯ ಕತ್ತಿಗೆ ಭಾರವಿಲ್ಲ. ಮಕ್ಕಳಿಗೆ ಇದೇ ಹಿತವೆಂದು ನನಗನ್ನಿಸುತ್ತದೆ.

ಸುಜುಕಿ ಪದ್ಧತಿಗೆ ಟೀಕೆಗಳೂ ಇವೆ. ಕಿವಿಯನ್ನೇ ನಂಬಿದ ಮಕ್ಕಳು ಸ್ವರಲಿಪಿ ಓದುವುದರಲ್ಲಿ ಹಿಂದೆ ಬೀಳುತ್ತಾರೆ, ಎಲ್ಲರೂ ಒಂದೇ ಅಚ್ಚಿನಂತೆ ನುಡಿಸುತ್ತಾರೆ ಎನ್ನುತ್ತಾರೆ. ಮೊದಲನೆಯದರಲ್ಲಿ ಹುರುಳಿದೆ, ಒಳ್ಳೆಯ ಶಿಕ್ಷಕರು ಓದನ್ನು ಬೇರೆಯಾಗಿಯೇ ಕಲಿಸುತ್ತಾರೆ. ಆದರೆ ದೊಡ್ಡ ತೊಡಕು ಬೇರೆಡೆ ಇದೆ. ಈ ಪದ್ಧತಿಯ ಪುಸ್ತಕ ಕೊಳ್ಳುವುದು ಸುಲಭ, ದಿನವೂ ಮಗುವಿನ ಪಕ್ಕದಲ್ಲಿ ಕೂರುವ ದೊಡ್ಡವರು ಸಿಗುವುದು ಕಷ್ಟ. ಸುಜುಕಿ ತೀರಿಕೊಂಡದ್ದು 1998ರಲ್ಲಿ, 99ನೇ ವಯಸ್ಸಿನಲ್ಲಿ. ಮಕ್ಕಳನ್ನು ಪಿಟೀಲು ವಾದಕರನ್ನಾಗಿ ಮಾಡುವುದು ತಮ್ಮ ಗುರಿಯಲ್ಲ, ಒಳ್ಳೆಯ ಮನುಷ್ಯರನ್ನಾಗಿ ಬೆಳೆಸುವುದೇ ಮುಖ್ಯ ಎಂಬುದು ಅವರ ನಿಲುವಾಗಿತ್ತು.

ಮಗುವಿಗೆ ಪಿಟೀಲು ಕೊಡಿಸುವ ಯೋಚನೆಯಲ್ಲಿರುವವರು ಅಂಗಡಿಗೆ ಹೋಗುವ ಮೊದಲು ದಿನಕ್ಕೆ ಕಾಲು ಗಂಟೆ ತಮಗೆ ಬಿಡುವಿದೆಯೇ ಎಂದು ನೋಡಿಕೊಳ್ಳಲಿ. ಇಲ್ಲದಿದ್ದರೆ ಇನ್ನೊಂದು ವರ್ಷ ತಡವಾಗಿ ಶುರುಮಾಡಿದರೂ ನಷ್ಟವೇನಿಲ್ಲ.