ಒಂಟಿ ಮನೆಯ ಕೋಟೆ

ಮನುಷ್ಯನು ಮನೆಯನ್ನು ಕಟ್ಟಿದುದು ಮಳೆ, ಗಾಳಿ, ಬಿಸಿಲುಗಳಿಂದ ಪಾರಾಗುವುದಕ್ಕೆ ಮಾತ್ರವಲ್ಲ. ಕರೆಯದೆ ಬರುವವರನ್ನು ಹೊರಗೆ ನಿಲ್ಲಿಸುವುದಕ್ಕೂ ಹೌದು. ಊರಿನ ನಡುವಣ ಮನೆಗೆ ನೆರೆಹೊರೆಯೇ ಕಾವಲು. ಆದರೆ ಹೊಲದ ನಡುವೆಯೋ ತೋಟದ ಅಂಚಿನಲ್ಲಿಯೋ ಒಂಟಿಯಾಗಿ ನಿಂತ ಮನೆಗೆ, ಅದೂ ನಾಡಿಗೆ ನಾಡೇ ಕಂಗೆಟ್ಟ ಕಾಲದಲ್ಲಿ, ಕಾವಲು ಯಾರು? ಲೂಟಿಯನ್ನೂ ದಂಡಿನ ಹಾವಳಿಯನ್ನೂ ಕಣ್ಣಾರೆ ಕಂಡಿದ್ದ ನಮ್ಮ ಹಿರಿಯರು ಈ ಪ್ರಶ್ನೆಗೆ ಕಲ್ಲು, ಮಣ್ಣು, ಮರಗಳಲ್ಲಿ ಉತ್ತರವನ್ನು ಬರೆದಿಟ್ಟಿದ್ದಾರೆ. ದಾವಣಗೆರೆ, ಹರಿಹರಗಳ ಸುತ್ತಣ ಸೀಮೆಯಲ್ಲಿ ಅದನ್ನು ಇಂದಿಗೂ ಓದಬಹುದು. ಆ ಉತ್ತರವನ್ನು ಭೌತವಿಜ್ಞಾನದ ಕಣ್ಣಿನಿಂದ ಓದಿನೋಡುವುದೇ ಈ ಲೇಖನದ ಉದ್ದೇಶ.

ದಂಡಿನ ದಾರಿಯ ಊರುಗಳು

ಹರಿಹರವು ತುಂಗಭದ್ರೆಯ ದಡದ ಊರು. ಹೊಯ್ಸಳರ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಅದು ಪ್ರಸಿದ್ಧ. ನದಿಯನ್ನು ದಾಟುವ ದಾರಿ ಅಲ್ಲಿಯೇ ಇದ್ದುದರಿಂದ ಯಾತ್ರಿಕರಂತೆಯೇ ದಂಡುಗಳೂ ಅಲ್ಲಿಗೆ ಬಂದುವು. ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆ ಚಿತ್ರದುರ್ಗದ ನಾಯಕರು, ಮರಾಠರು, ಹೈದರಾಲಿ ಇವರ ನಡುವೆ ಸಿಕ್ಕಿ ನಲುಗಿತು. ಹೈದರನು ದಾವಣಗೆರೆಯನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದ ಮೇಲೆ ಅದು ವ್ಯಾಪಾರದ ಊರಾಗಿ ಬೆಳೆಯಿತು. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು ಎಷ್ಟೋ ಹಳ್ಳಿಗಳಿಗೆ ಮಣ್ಣಿನ ಕೋಟೆಗಳಿದ್ದುದನ್ನು ಕಂಡು ಬರೆದಿದ್ದಾನೆ. ಆ ಕಾಲಕ್ಕೆ ದಕ್ಷಿಣದ ಅನೇಕ ಕಡೆ ಪಿಂಡಾರಿಗಳ ಭಯ ಹಬ್ಬಿದ್ದಿತು. ೧೮೧೭–೧೮ರ ಯುದ್ಧದಲ್ಲಿ ಅವರು ಅಡಗುವವರೆಗೂ ಆ ಭಯ ಹೋಗಲಿಲ್ಲ.

ಅರಸರಿಗಾದರೆ ಚಿತ್ರದುರ್ಗವಿದ್ದಿತು, ದಾವಣಗೆರೆಗೆ ಸಮೀಪದ ಉಚ್ಚಂಗಿದುರ್ಗವಿದ್ದಿತು. ಒಕ್ಕಲಿನವನಿಗೆ ಬೆಟ್ಟವೆಲ್ಲಿಂದ ಬರಬೇಕು? ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಪಿಂಡಾರಿಗಳು ಕುದುರೆಯ ಮೇಲೆ ಬಂದು, ಸಿಕ್ಕಿದ್ದನ್ನು ದೋಚಿ, ಹಿಂದೆಯೇ ದಂಡು ಬರುವ ಮೊದಲು ಓಡುವವರು. ಅವರು ಫಿರಂಗಿಗಳನ್ನು ಎಳೆದು ತರುತ್ತಿರಲಿಲ್ಲ. ವಾರಗಟ್ಟಲೆ ಮುತ್ತಿಗೆ ಹಾಕಿ ಕೂರುತ್ತಿರಲಿಲ್ಲ. ಲೂಟಿಗಾರನ ಬಂಡವಾಳವೆಂದರೆ ಸಮಯ. ಆ ಬಂಡವಾಳವನ್ನು ಕರಗಿಸಬಲ್ಲ ಕೋಟೆ ಎಷ್ಟು ಸಣ್ಣದಾದರೂ ಸಾಕು. ಒಂಟಿ ಮನೆಯ ರಕ್ಷಣೆಯ ಸೂತ್ರವೆಲ್ಲ ಈ ಒಂದು ಮಾತಿನಲ್ಲಿದೆ: ಕೋಟೆಯು ಶತ್ರುವನ್ನು ಗೆಲ್ಲುವುದಿಲ್ಲ, ಹೊತ್ತನ್ನು ಗಳಿಸಿಕೊಡುತ್ತದೆ.

ಮೊದಲು ಕಾಣಬೇಕು

ಹೊತ್ತನ್ನು ಗಳಿಸುವ ಮೊದಲನೆಯ ಉಪಾಯ ದೂರದಿಂದಲೇ ಕಾಣುವುದು. ಬಯಲುಸೀಮೆಯ ಹಳೆಯ ಊರುಗಳಲ್ಲಿ ದುಂಡಗಿನ ಎತ್ತರವಾದ ಬುರುಜೊಂದು ಕೆಲವೆಡೆ ಉಳಿದಿರುವುದನ್ನು ವಾಚಕರು ಕಂಡಿರಬಹುದು. ಅದನ್ನು ಹುಡೆ ಎಂದೂ ಹುಡೇವು ಎಂದೂ ಕರೆಯುತ್ತಾರೆ. ಭೂಮಿ ದುಂಡಗಿರುವುದರಿಂದ ನಿಂತವನ ಕಣ್ಣಿಗೆ ಕಾಣುವ ನೆಲಕ್ಕೆ ಒಂದು ಮೇರೆಯುಂಟಷ್ಟೆ. ಭೂಮಿಯ ವ್ಯಾಸವನ್ನು ಕಣ್ಣಿನ ಎತ್ತರದಿಂದ ಗುಣಿಸಿ ವರ್ಗಮೂಲವನ್ನು ತೆಗೆದರೆ ಆ ಮೇರೆಯ ದೂರ ಸಿಕ್ಕುತ್ತದೆ. ನೆಲದ ಮೇಲೆ ನಿಂತವನ ಕಣ್ಣು ೧.೬ ಮೀಟರು ಎತ್ತರದಲ್ಲಿದ್ದರೆ ಅವನಿಗೆ ಕಾಣುವುದು ೪.೫ ಕಿಲೋಮೀಟರು. ಹುಡೆಯ ಮೇಲಿನ ಕಾವಲುಗಾರನ ಕಣ್ಣು ೧೦ ಮೀಟರು ಎತ್ತರದಲ್ಲಿದ್ದರೆ ಸುಮಾರು ೧೧ ಕಿಲೋಮೀಟರು. ಎತ್ತರವನ್ನು ನಾಲ್ಕು ಪಟ್ಟು ಮಾಡಿದರೂ ನೋಟ ಎರಡು ಪಟ್ಟು ಮಾತ್ರ ಆಗುವುದರಿಂದ, ಹುಡೆಯನ್ನು ಮುಗಿಲು ಮುಟ್ಟುವಂತೆ ಕಟ್ಟಿ ಪ್ರಯೋಜನವಿಲ್ಲ. ಬೆಳೆ, ಮರ, ಮಬ್ಬು ಇವುಗಳಿಂದ ನೋಟ ಇನ್ನೂ ಕಡಿಮೆಯಾಗುತ್ತದೆ. ಆದರೆ ಬೇಸಗೆಯಲ್ಲಿ ಕುದುರೆಗಳು ಎಬ್ಬಿಸುವ ಧೂಳು ಬಲು ದೂರಕ್ಕೆ ಕಾಣುತ್ತದೆ. ಆರು ಕಿಲೋಮೀಟರು ದೂರದಲ್ಲಿ ಧೂಳೆದ್ದರೆ, ಗಂಟೆಗೆ ೧೨ ಕಿಲೋಮೀಟರು ವೇಗದಿಂದ ಬರುವ ಸವಾರರು ಊರನ್ನು ಮುಟ್ಟಲು ಅರ್ಧ ಗಂಟೆ ಹಿಡಿಯುತ್ತದೆ.

ಕಂಡುದನ್ನು ಕೂಡಲೇ ತಿಳಿಸಬೇಕಲ್ಲವೇ? ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುತ್ತದೆ. ಹುಡೆಯ ಮೇಲಿನ ನಗಾರಿಯ ಸದ್ದು ೧,೭೦೦ ಮೀಟರು ದೂರದ ಹೊಲದಲ್ಲಿ ದುಡಿಯುವವನ ಕಿವಿಯನ್ನು ಐದೇ ಸೆಕೆಂಡಿನಲ್ಲಿ ತಲಪುತ್ತದೆ. ಉಳಿದ ಹೊತ್ತಿನಲ್ಲಿ ದನಕರುಗಳನ್ನು ಒಳಗೆ ಅಟ್ಟಿ ಅಗಸೆಬಾಗಿಲನ್ನು ಮುಚ್ಚಬಹುದು.

ಮಣ್ಣಿನ ಗೋಡೆಯ ಗುಟ್ಟು

ಕಲ್ಲು ಗಟ್ಟಿ, ಮಣ್ಣು ಮೆದು; ಆದುದರಿಂದ ಕಲ್ಲಿನ ಗೋಡೆಯೇ ಮೇಲೆಂದು ತೋರುತ್ತದೆ. ಆದರೆ ಪೆಟ್ಟಿನ ಲೆಕ್ಕವೇ ಬೇರೆ. ನಾಲ್ಕು ಕಿಲೋಗ್ರಾಂ ತೂಕದ ಗುಂಡೊಂದು ಸೆಕೆಂಡಿಗೆ ೨೦೦ ಮೀಟರು ವೇಗದಿಂದ ಬರುತ್ತಿದೆಯೆಂದು ಭಾವಿಸೋಣ. ಅದರ ಚಲನಶಕ್ತಿ ೮೦,೦೦೦ ಜೂಲು. ಈ ಶಕ್ತಿಯನ್ನು ಗೋಡೆಯು ಎಷ್ಟು ದೂರದಲ್ಲಿ ಹೀರಿಕೊಳ್ಳುವುದೋ ಅದರ ಮೇಲೆ ಗೋಡೆಗೆ ತಗಲುವ ಬಲ ನಿಂತಿದೆ. ಮಣ್ಣಿನಲ್ಲಿ ಗುಂಡು ಅರ್ಧ ಮೀಟರು ಹೊಕ್ಕು ನಿಂತರೆ ಸರಾಸರಿ ಬಲ ೧,೬೦,೦೦೦ ನ್ಯೂಟನ್. ಗಡುಸಾದ ಕಲ್ಲಿನಲ್ಲಿ ಐದೇ ಸೆಂಟಿಮೀಟರಿನಲ್ಲಿ ನಿಂತರೆ ಅದರ ಹತ್ತರಷ್ಟು. ಕಲ್ಲು ಬಿರಿಯುತ್ತದೆ; ಮಣ್ಣು ಗುಂಡನ್ನು ನುಂಗಿ ಸುಮ್ಮನಿರುತ್ತದೆ. ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ೧೮೦೫ರಲ್ಲಿ ಇಂಗ್ಲಿಷರ ಸೇನಾನಿ ಲೇಕನು ರಾಜಸ್ಥಾನದ ಭರತಪುರದ ಮಣ್ಣಿನ ಕೋಟೆಯ ಮೇಲೆ ನಾಲ್ಕು ಸಲ ಏರಿಹೋಗಿ ನಾಲ್ಕು ಸಲವೂ ಹಿಮ್ಮೆಟ್ಟಿದನು. ೧೮೨೬ರಲ್ಲಿ ಆ ಕೋಟೆ ಬಿದ್ದಿತು. ಆದರೆ ಗುಂಡಿನ ಏಟಿನಿಂದಲ್ಲ, ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿದುದರಿಂದ.

ಈ ಕಥೆಯ ಉತ್ತರಾರ್ಧವನ್ನೂ ನಾವು ಮರೆಯಬಾರದು. ಏಟನ್ನು ತಾಳುವ ಮಣ್ಣು ತೋಡುವವನಿಗೆ ಸೋಲುತ್ತದೆ. ನಮ್ಮ ಕಡೆಯ ಮಾಳಿಗೆಮನೆಗಳ ಗೋಡೆ ಎರಡು ಮೂರು ಅಡಿ ದಪ್ಪವಿದ್ದರೂ, ಕಳ್ಳನು ರಾತ್ರಿಯ ವೇಳೆ ಸದ್ದಿಲ್ಲದೆ ಕನ್ನ ಕೊರೆದು ಒಳನುಗ್ಗುತ್ತಿದ್ದನು. ಅದಕ್ಕಾಗಿಯೇ ಗೋಡೆಯ ಬುಡಕ್ಕೆ ಕಲ್ಲು ಕಟ್ಟಿದರು, ಮನೆಯ ಸುತ್ತ ಕಳ್ಳಿಯ ಬೇಲಿ ಹಾಕಿದರು, ನಾಯಿ ಸಾಕಿದರು. ಒಂದು ಬಗೆಯ ಪೆಟ್ಟಿಗೆ ಗಟ್ಟಿಯಾದುದು ಇನ್ನೊಂದು ಬಗೆಯ ಪೆಟ್ಟಿಗೆ ಸಡಿಲವಾಗಿರುತ್ತದೆ. ಆದುದರಿಂದ ರಕ್ಷಣೆ ಒಂದೇ ಪದರದ್ದಾಗಿರಬಾರದು.

ಬಾಗಿಲು ಮತ್ತು ಕಿಂಡಿ

ಗೋಡೆ ಎಷ್ಟೇ ದಪ್ಪವಿರಲಿ, ಬಾಗಿಲಿಲ್ಲದ ಮನೆಯಿಲ್ಲ. ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನು ಸೆಕೆಂಡಿಗೆ ಮೂರು ಮೀಟರು ವೇಗದಿಂದ ಓಡಿಬಂದು ಬಾಗಿಲಿಗೆ ಹೆಗಲು ಕೊಟ್ಟರೆ ಅವನ ಚಲನಶಕ್ತಿ ೨೭೦ ಜೂಲು. ಬಾಗಿಲು ಮೂರು ಸೆಂಟಿಮೀಟರು ಬಾಗಿ ಅವನನ್ನು ನಿಲ್ಲಿಸಿದರೆ ಅದರ ಮೇಲೆ ಬೀಳುವ ಸರಾಸರಿ ಬಲ ೯,೦೦೦ ನ್ಯೂಟನ್, ಎಂದರೆ ಸುಮಾರು ಒಂಬತ್ತು ಕ್ವಿಂಟಲು ಭಾರಕ್ಕೆ ಸಮ. ಈಗಿನ ಬಾಗಿಲುಗಳಲ್ಲಿ ಈ ಬಲದ ಬಹುಪಾಲು ಚಿಲಕವನ್ನು ಹಿಡಿದಿರುವ ಎರಡು ಮೂರು ಸಣ್ಣ ತಿರುಪುಮೊಳೆಗಳ ಮೇಲೆ ಬೀಳುತ್ತದೆ. ಬೀಗ ಮುರಿಯುವುದಿಲ್ಲ; ಮೊಳೆಗಳು ಮರವನ್ನು ಸೀಳಿಕೊಂಡು ಹೊರಬರುತ್ತವೆ. ಹಳೆಯ ಮನೆಗಳಲ್ಲಿಯಾದರೋ ಬಾಗಿಲ ಹಿಂದೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ದಪ್ಪ ಮರದ ಅಗುಳಿಯನ್ನು ಎಳೆಯುತ್ತಿದ್ದರು. ಪೆಟ್ಟು ಬಾಗಿಲಿನಿಂದ ಅಗುಳಿಗೆ, ಅಗುಳಿಯಿಂದ ಎರಡು ಪಕ್ಕದ ಗೋಡೆಗಳಿಗೆ ಹಂಚಿಹೋಗುತ್ತಿತ್ತು. ಬೆಲೆಬಾಳುವ ಬೀಗವನ್ನು ಕೊಳ್ಳುವವರು ಮೊದಲು ಚೌಕಟ್ಟಿಗೂ ಗೋಡೆಗೂ ಇರುವ ಬೆಸುಗೆಯನ್ನು ನೋಡಿಕೊಳ್ಳುವುದು ಲೇಸು.

ಹಳೆಯ ಬಾಗಿಲುಗಳು ತಲೆ ಬಗ್ಗಿಸಿ ಹೋಗುವಷ್ಟು ಗಿಡ್ಡವೇಕೆ? ಬಗ್ಗಿದವನಿಗೆ ಕತ್ತಿ ಬೀಸಲಾಗುವುದಿಲ್ಲ. ಒಬ್ಬನ ಹಿಂದೆ ಒಬ್ಬನೇ ಬರಬೇಕಾಗುತ್ತದೆ. ಚಿತ್ರದುರ್ಗದ ಓಬವ್ವನ ಕಿಂಡಿಯ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಹೈದರನ ಸೈನಿಕರು ಆ ಕಿಂಡಿಯಲ್ಲಿ ನುಸುಳಿ ಬರುತ್ತಿದ್ದಾಗ ಕಾವಲುಗಾರನ ಹೆಂಡತಿಯು ಒನಕೆ ಹಿಡಿದು ಒಬ್ಬೊಬ್ಬರನ್ನೇ ಕೆಡವಿದಳೆಂದು ಜನ ಹೇಳುತ್ತಾರೆ. ಒಬ್ಬನು ನುಸುಳಲು ೨೦ ಸೆಕೆಂಡು ಬೇಕಾದರೆ ನಿಮಿಷಕ್ಕೆ ಮೂವರು ಮಾತ್ರ. ಹೊರಗೆ ನೂರು ಮಂದಿ ಇದ್ದರೂ ಒಳಗಿನವರಿಗೆ ಎದುರಾಗುವವನು ಒಬ್ಬನೇ. ಓಬವ್ವನ ಧೈರ್ಯ ದೊಡ್ಡದು. ಆ ಧೈರ್ಯಕ್ಕೆ ಎಡೆ ಮಾಡಿಕೊಟ್ಟುದು ಕಿಂಡಿಯ ಅಳತೆ.

ನೆಲದೊಳಗಿನ ಕಣಜ

ಲೂಟಿಗಾರರು ಮುಖ್ಯವಾಗಿ ಹುಡುಕುತ್ತಿದ್ದುದು ಹಣ ಮತ್ತು ಕಾಳು. ಕಾಳನ್ನು ಕಾಯುವ ಉಪಾಯವೇ ಹಗೇವು. ನೆಲದೊಳಗೆ ಗಡಿಗೆಯಾಕಾರದ ಗುಳಿ ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಕಿರಿದಾದ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತಿದರೆ ಅದರ ಮೇಲೆಯೇ ನಡೆದವನಿಗೂ ಸುಳಿವು ಸಿಕ್ಕದು. ದಾವಣಗೆರೆಯ ಹಳೆಯ ಪೇಟೆಯ ಹಗೇದಿಬ್ಬದಲ್ಲಿ ಈ ಮಾತು ಇಂದಿಗೂ ಹೆಸರಾಗಿ ಉಳಿದಿದೆ. ಎರಡು ಮೀಟರು ಅಗಲ, ಮೂರು ಮೀಟರು ಆಳದ ಹಗೇವಿನಲ್ಲಿ ಸುಮಾರು ಎಪ್ಪತ್ತು ಕ್ವಿಂಟಲು ಜೋಳ ಹಿಡಿಯುತ್ತದೆ. ತಲೆಗೆ ದಿನಕ್ಕೆ ಅರ್ಧ ಕಿಲೋಗ್ರಾಂನಂತೆ ಹತ್ತು ಮಂದಿಯ ಮನೆಗೆ ಅದು ಹತ್ತಿರ ಹತ್ತಿರ ನಾಲ್ಕು ವರ್ಷದ ಅನ್ನ. ಬರಗಾಲಕ್ಕೂ ದಂಡಿನ ಕಾಲಕ್ಕೂ ಅದೇ ಆಸರೆ.

ಅಷ್ಟು ಕಾಲ ಕಾಳು ಹೇಗೆ ಕೆಡದೆ ಉಳಿಯುತ್ತದೆ? ಕಾಳೂ ಅದರೊಳಗಿನ ಹುಳುಗಳೂ ಉಸಿರಾಡಿ ಮುಚ್ಚಿದ ಗುಳಿಯ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತವೆ. ಹುಳುಗಳು ತಮ್ಮ ಉಸಿರಿನಿಂದಲೇ ಸಾಯುತ್ತವೆ. ಆದರೆ ಈ ಅನಿಲವು ಗಾಳಿಗಿಂತ ಒಂದೂವರೆ ಪಟ್ಟು ಸಾಂದ್ರವಾದುದು. ಬಾಯಿ ತೆರೆದ ಮೇಲೂ ತಳದಲ್ಲಿಯೇ ನಿಂತಿರುತ್ತದೆ. ತೆರೆದ ಕೂಡಲೆ ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಹಾಗೆಯೇ. ಹಿರಿಯರು ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಅಪಾಯವೆಂಬುದು ನಿಶ್ಚಯ. ಆದರೆ ದೀಪ ಉರಿದ ಮಾತ್ರಕ್ಕೆ ಅಪಾಯವಿಲ್ಲವೆಂದು ಹೇಳಲಾಗದು. ಹಗೇವು, ಹಾಳುಬಾವಿ, ಮಲದ ಗುಂಡಿ ಯಾವುದೇ ಇರಲಿ, ಒಳಗಿನ ಗಾಳಿಯನ್ನು ಯಂತ್ರದಿಂದ ಬದಲಿಸಿ ಉಪಕರಣದಿಂದ ಪರೀಕ್ಷಿಸದೆ ಯಾರೂ ಇಳಿಯಬಾರದು.

ಕೋಟೆಯೇ ಸೆರೆಯಾದರೆ

ಹಗೇವಿನ ಈ ಪಾಠ ಇಡೀ ಮನೆಗೂ ಅನ್ವಯಿಸುತ್ತದೆ. ಹೊರಗಿನವರನ್ನು ಒಳಗೆ ಬಿಡದ ಗೋಡೆ ಒಳಗಿನವರನ್ನು ಹೊರಗೆ ಬಿಡದಿರಬಹುದು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು, ಮುಂಬಾಗಿಲಿಗೆ ಮೂರು ಬೀಗ, ಹಿಂಬಾಗಿಲಿಗೆ ಅಡ್ಡವಾಗಿ ಕಪಾಟು: ಕಳ್ಳನಿಗೆ ಭದ್ರವಾದ ಈ ಮನೆಯೊಳಗೆ ಅಡಿಗೆಯ ಅನಿಲ ಸೋರಿ ಬೆಂಕಿ ಹತ್ತಿದರೆ ಗತಿಯೇನು? ತುಂಗಭದ್ರೆಯ ನೆರೆ ತಗ್ಗಿನ ಮನೆಗೆ ನುಗ್ಗಿದರೆ? ಹಿರಿಯರ ಮನೆಗೆ ಹಿತ್ತಿಲ ಬಾಗಿಲು ಇದ್ದೇ ಇರುತ್ತಿತ್ತು. ಒಂದು ಕಿಟಕಿಯ ಸರಳಾದರೂ ಒಳಗಿನಿಂದ ಬೀಗದ ಕೈಯಿಲ್ಲದೆ ತೆರೆಯುವಂತಿರಬೇಕು. ಅದನ್ನು ಮನೆಯ ಮಕ್ಕಳೂ ಕತ್ತಲಲ್ಲಿ ತೆರೆಯಲು ಕಲಿತಿರಬೇಕು.

ಇದಕ್ಕಿಂತಲೂ ಘೋರವಾದ ತಪ್ಪೊಂದುಂಟು. ಅದು ತೋಟದ ತಂತಿಬೇಲಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಕೊಡುವುದು. ೨೩೦ ವೋಲ್ಟಿನ ತಂತಿಯನ್ನು ಒದ್ದೆ ನೆಲದ ಮೇಲೆ ನಿಂತವನು ಮುಟ್ಟಿದರೆ, ಅವನ ದೇಹದ ರೋಧ ೧,೫೦೦ ಓಮ್ ಎಂದಿಟ್ಟುಕೊಂಡರೂ, ಹರಿಯುವ ಪ್ರವಾಹ ೦.೧೫ ಆಂಪಿಯರು. ಅದರ ಮೂರರಲ್ಲೊಂದು ಭಾಗವೇ ಹೃದಯದ ಬಡಿತವನ್ನು ಕೆಡಿಸಿ ಕೊಲ್ಲಬಲ್ಲುದು. ತಂತಿಗೆ ಕಳ್ಳನಾರು, ಚೆಂಡು ಹುಡುಕಿ ಬಂದ ಹುಡುಗನಾರು ಎಂಬುದು ತಿಳಿಯದು. ಇದು ಅಪರಾಧ, ಇದರಿಂದ ಮನೆಯವರೇ ಸತ್ತುದೂ ಉಂಟು.

ಇಂದಿನ ತೋಟದ ಮನೆ

ಭದ್ರಾ ನಾಲೆಯ ನೀರು ಹರಿದ ಮೇಲೆ ದಾವಣಗೆರೆ, ಹರಿಹರಗಳ ಸುತ್ತ ಬತ್ತದ ಗದ್ದೆ, ಅಡಕೆಯ ತೋಟಗಳು ಹಬ್ಬಿ, ಅವುಗಳ ನಡುವೆ ಒಂಟಿ ಮನೆಗಳು ಎದ್ದಿವೆ. ಇವುಗಳಿಗೆ ಹುಡೆಯಿಲ್ಲ, ಅಗಸೆಯಿಲ್ಲ. ಸೂತ್ರ ಮಾತ್ರ ಹಳೆಯದೇ.

ಹುಡೆಯ ಕೆಲಸವನ್ನು ಇಂದು ಅತಿರಕ್ತ ಕಿರಣದ ಸಂವೇದಕ ಮಾಡಬಲ್ಲುದು. ಮನುಷ್ಯದೇಹದ ಉಷ್ಣತೆ ಸುಮಾರು ೩೧೦ ಕೆಲ್ವಿನ್; ವೀನನ ನಿಯಮದಂತೆ ಅದು ಹೆಚ್ಚಾಗಿ ಸೂಸುವ ಕಿರಣದ ಅಲೆಯುದ್ದ ಒಂಬತ್ತು ಮೈಕ್ರೊಮೀಟರಿಗೆ ಸ್ವಲ್ಪ ಮೇಲೆ. ಕತ್ತಲಲ್ಲಿ ಯಾರಾದರೂ ಅಂಗಳ ದಾಟಿದರೆ ಸಂವೇದಕವು ಆ ಕಿರಣದ ಏರುಪೇರನ್ನು ಗುರುತಿಸಿ ದೀಪವನ್ನು ಹೊತ್ತಿಸುತ್ತದೆ. ಒಂದೇ ದೀಪದ ಬೆಳಕು ಎರಡು ಮೀಟರಿನಲ್ಲಿ ಇರುವುದರ ಒಂಬತ್ತನೆಯ ಒಂದು ಭಾಗ ಮಾತ್ರ ಆರು ಮೀಟರಿನಲ್ಲಿ ಇರುತ್ತದೆ. ಆದುದರಿಂದ ಒಂದು ದೊಡ್ಡ ದೀಪಕ್ಕಿಂತ ಹಂಚಿಹಾಕಿದ ಸಣ್ಣ ದೀಪಗಳು ಮೇಲು. ವಿದ್ಯುತ್ತು ಹೋದಾಗಲೂ ಉರಿಯುವಂತೆ ಅವಕ್ಕೆ ಬ್ಯಾಟರಿ ಬೇಕು. ನಗಾರಿಯ ಕೆಲಸಕ್ಕೆ ದೂರವಾಣಿಯುಂಟು: ೧೧೨ಕ್ಕೆ ಕರೆ ಮಾಡಿದರೆ ಪೊಲೀಸು, ಅಗ್ನಿಶಾಮಕ, ವೈದ್ಯಕೀಯ ನೆರವು ಮೂರಕ್ಕೂ ಸುದ್ದಿ ಮುಟ್ಟುತ್ತದೆ. ಪೊಲೀಸರು ಅರ್ಧ ಗಂಟೆಯ ದಾರಿಯಲ್ಲಿದ್ದರೆ ಮನೆಯ ಬಾಗಿಲು, ಚೌಕಟ್ಟು, ಸರಳುಗಳು ಅಷ್ಟು ಹೊತ್ತು ತಾಳಬೇಕು. ಮನೆಯ ಭದ್ರತೆಗೆ ಇದೇ ಅಳತೆಗೋಲು. ಪೊಲೀಸರಿಗಿಂತ ಮೊದಲು ಬರಬಲ್ಲವರು ಪಕ್ಕದ ತೋಟದವರು. ಅವರೊಡನೆ ಒಳ್ಳೆಯ ಮಾತುಕತೆ ಇಟ್ಟುಕೊಂಡಿರುವುದು ಯಾವ ಬೀಗಕ್ಕಿಂತಲೂ ಅಗ್ಗ, ಯಾವ ಬೀಗಕ್ಕಿಂತಲೂ ಭದ್ರ.

ಹಳೆಯ ಹುಡೆಗಳೂ ಮಾಳಿಗೆಮನೆಗಳೂ ಮಳೆಗಾಲಕ್ಕೊಂದರಂತೆ ಕುಸಿಯುತ್ತಿವೆ. ನಮ್ಮ ವಿದ್ಯಾರ್ಥಿಮಿತ್ರರು ರಜದಲ್ಲಿ ಊರಿಗೆ ಹೋದಾಗ ಒಂದು ಅಳತೆಪಟ್ಟಿಯನ್ನು ಕೊಂಡೊಯ್ಯಲಿ. ಗೋಡೆಯ ದಪ್ಪವನ್ನೂ ಬಾಗಿಲ ಎತ್ತರವನ್ನೂ ಅಗುಳಿಯ ಉದ್ದವನ್ನೂ ಅಳೆದು ಬರೆದಿಡಲಿ. ಹುಡೆಯ ನೆರಳನ್ನು ಅಳೆದು ಅದರ ಎತ್ತರವನ್ನು ಕಂಡುಹಿಡಿಯಲಿ. ಅಲ್ಲಿಂದ ಎಷ್ಟು ದೂರ ಕಾಣುತ್ತಿತ್ತು, ಊರಿಗೆ ಎಷ್ಟು ಹೊತ್ತು ಸಿಕ್ಕುತ್ತಿತ್ತು ಎಂದು ಲೆಕ್ಕ ಹಾಕಲಿ. ಮಣ್ಣು ಮಣ್ಣಿಗೆ ಸೇರುವ ಮುನ್ನ ಈ ಲೆಕ್ಕ ಆಗಬೇಕಾಗಿದೆ.