ಗೋಡೆಯೊಳಗಿನ ತಂತಿಗೆ ಯಾರು ಹೊಣೆ?

ಸಹೋದರಿಯರೇ, ಹೊಸ ಮನೆ ಕಟ್ಟಿಸುವಾಗ ಅಡುಗೆಕೋಣೆ ಎಲ್ಲಿ, ಕಿಟಕಿ ಎಷ್ಟು ಎಂದು ನೂರು ಸಲ ಯೋಚಿಸುತ್ತೀರಿ. ಗೋಡೆಯೊಳಗೆ ಹೋಗುವ ತಂತಿಯ ಬಗ್ಗೆ ಎಂದಾದರೂ ವಿಚಾರಿಸಿದ್ದೀರಾ?

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮನೆಯ ನಕ್ಷೆಗೆ ಅನುಮತಿ ಕೊಡುವುದು ನಗರಸಭೆ. ಆದರೆ ವಿದ್ಯುತ್ ಸುರಕ್ಷತೆಯ ನಿಯಮ ಅದರ ಕೈಯಲ್ಲಿಲ್ಲ. 2003ರ ವಿದ್ಯುತ್ ಕಾಯ್ದೆಯಂತೆ ಅದನ್ನು ರೂಪಿಸುವುದು ಕೇಂದ್ರ ವಿದ್ಯುತ್ ಪ್ರಾಧಿಕಾರ. ಸಂಪರ್ಕ ಕೊಡುವುದು ಜೆಸ್ಕಾಂ. ಕಟ್ಟಡಗಳ ಇಂಧನ ಸಂಹಿತೆಯನ್ನು ಆಯಾ ಪ್ರದೇಶದ ಹವೆಗೆ ತಕ್ಕಂತೆ ತಿದ್ದುವ ಅಧಿಕಾರವನ್ನೂ 2001ರ ಇಂಧನ ಸಂರಕ್ಷಣಾ ಕಾಯ್ದೆ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ.

ನಿಯಮ ಎಲ್ಲೇ ತಯಾರಾಗಲಿ, ಶಾಕ್ ಹೊಡೆಯುವುದು ನಮ್ಮ ಮನೆಯಲ್ಲಿ. ಬೇಸಿಗೆಯಲ್ಲಿ ತಗಡಿನ ಕೂಲರ್‌ಗೆ ನೀರು ತುಂಬುವವರು, ಒದ್ದೆ ಕೈಯಲ್ಲಿ ಮಿಕ್ಸರ್ ಮುಟ್ಟುವವರು ಹೆಚ್ಚಾಗಿ ನಾವೇ. ಆದ್ದರಿಂದ ಗಿಲಾವು ಆಗುವ ಮುನ್ನವೇ ಮೂರು ಮಾತು ಕೇಳಿ:

ವೈರಿಂಗ್ ಮಾಡುವವರಿಗೆ ಪರವಾನಗಿ ಇದೆಯೇ?

ಮೂರು ಪಿನ್ನಿನ ಪ್ರತಿ ಸಾಕೆಟ್‌ಗೂ ಅರ್ಥಿಂಗ್ ತಂತಿ ಬಂದಿದೆಯೇ?

30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿದ್ದಾರೆಯೇ?

ಎಂಸಿಬಿ ಇದ್ದರೆ ಸಾಕೆಂದು ಕೆಲವರು ಹೇಳುತ್ತಾರೆ. ಲೋಡ್ ಹೆಚ್ಚಾದಾಗ, ಶಾರ್ಟ್ ಆದಾಗ ಅದು ಬೀಳುತ್ತದೆ. ಆದರೆ ಮೈಮೂಲಕ ಸೋರುವ ಅಲ್ಪ ವಿದ್ಯುತ್ತನ್ನು ಗುರುತಿಸಿ ತಕ್ಷಣ ಕಡಿಯುವುದು ಆರ್‌ಸಿಸಿಬಿ ಮಾತ್ರ. ಅದರ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಟೈಲ್ಸ್‌ಗೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ತೆಗೆದಿಡಿ.